ಆ ನೆಲಮಾಳಿಗೆಯಲ್ಲಿ ಕೆಂಪು ದೀಪ ಇರಲಿಲ್ಲ

2010ರಲ್ಲಿ ಬಂದ 'ದಿ ಎಕ್ಸ್‌ಪರಿಮೆಂಟ್' ಸಿನಿಮಾದ ಬಗ್ಗೆ ಯೋಚಿಸಿದಾಗಲೆಲ್ಲ ಮೊದಲು ಕಣ್ಣಮುಂದೆ ಬರುವುದು ಅದರ ಕೆಂಪು ದೀಪ. 26 ಗಂಡಸರು, 14 ದಿನ, ದಿನಕ್ಕೆ 1000 ಡಾಲರ್. ಕೆಲವರು ಕೈದಿಗಳು, ಕೆಲವರು ಗಾರ್ಡ್‌ಗಳು. ಕೈದಿ ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ತಿಂದು ಮುಗಿಸಬೇಕು, ದಿನಕ್ಕೆ ಅರ್ಧ ಗಂಟೆ ಆಟ, ಮಾತಾಡಿಸಿದರೆ ಮಾತ್ರ ಮಾತಾಡಬೇಕು, ಗಾರ್ಡ್‌ಗಳ ಮೈ ಮುಟ್ಟುವಂತಿಲ್ಲ. ನಿಯಮ ಮುರಿದರೆ 30 ನಿಮಿಷದೊಳಗೆ ತಪ್ಪಿಗೆ ತಕ್ಕ ಶಿಕ್ಷೆ ಆಗಬೇಕು. ಆಗದಿದ್ದರೆ ದೀಪ ಹೊತ್ತಿಕೊಳ್ಳುತ್ತದೆ, ಪ್ರಯೋಗ ನಿಲ್ಲುತ್ತದೆ, ಯಾರ ಕೈಗೂ ದುಡ್ಡು ಸಿಗುವುದಿಲ್ಲ. ಹೊಡೆದಾಟಕ್ಕೆ ಇಳಿದರೂ ಅದೇ ಗತಿ. ಇಷ್ಟು ಹೇಳಿ ಪ್ರಯೋಗ ನಡೆಸುವಾತ ಹೊರಟುಹೋಗುತ್ತಾನೆ. ಆಮೇಲೆ ಕ್ಯಾಮೆರಾಗಳು ನೋಡುತ್ತಿರುತ್ತವೆ, ದೀಪ ಸುಮ್ಮನಿರುತ್ತದೆ, ಒಳಗಿದ್ದವರು ಒಬ್ಬರನ್ನೊಬ್ಬರು ಹರಿದು ಹಾಕುತ್ತಾರೆ.

ಮುಖ್ಯ ಪಾತ್ರಗಳಲ್ಲಿರುವ ಏಡ್ರಿಯನ್ ಬ್ರೋಡಿ, ಫಾರೆಸ್ಟ್ ವಿಟೇಕರ್ ಇಬ್ಬರೂ ಅತ್ಯುತ್ತಮ ನಟನ ಆಸ್ಕರ್ ಪಡೆದವರು. ನಿರ್ದೇಶಕ ಪಾಲ್ ಶೂರಿಂಗ್ 'ಪ್ರಿಸನ್ ಬ್ರೇಕ್' ಧಾರಾವಾಹಿಯನ್ನು ಹುಟ್ಟುಹಾಕಿದಾತ. ಜೈಲಿನ ಕಥೆಯನ್ನು ಬಿಗಿಯಾಗಿ ಹೇಳುವುದು ಗೊತ್ತಿಲ್ಲದವನಲ್ಲ. ಎದುರಿಗೆ 2001ರ ಜರ್ಮನ್ ಸಿನಿಮಾ 'ಡಾಸ್ ಎಕ್ಸ್‌ಪೆರಿಮೆಂಟ್' ಮಾದರಿಯಾಗಿ ಇತ್ತು, ಅದರ ಹಿಂದೆ 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗವೇ, ಅಂದರೆ ಯುವಕರನ್ನು ಕೈದಿ, ಗಾರ್ಡ್ ಎಂದು ವಿಂಗಡಿಸಿ ಅಣಕು ಜೈಲಿನಲ್ಲಿಟ್ಟು ನೋಡಿದ ಪ್ರಯೋಗವೇ ಇತ್ತು. ಇಷ್ಟೆಲ್ಲ ಇದ್ದೂ ಸಿನಿಮಾ ಅಮೆರಿಕದ ಥಿಯೇಟರ್‌ಗಳಿಗೆ ಬರದೆ ನೇರವಾಗಿ ಡಿವಿಡಿಗೆ ಹೋಯಿತು. ಒಂದೂವರೆ ಗಂಟೆ ಬಿಡದೆ ಕೂರಿಸಿಕೊಳ್ಳುವ ಸಿನಿಮಾವೇ. ಆದರೆ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾಕೆ ಹೀಗಾಯಿತು ಎಂದು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಬಂದು ನಿಲ್ಲುವುದು ಆ ಹೊರಟುಹೋದ ಮನುಷ್ಯನ ಹತ್ತಿರವೇ. 1971ರಲ್ಲಿ ಪ್ರಯೋಗ ನಡೆಸಿದಾತ, ಮನಃಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ, ಎಲ್ಲಿಗೂ ಹೋಗಿರಲಿಲ್ಲ. ಆರು ದಿನವೂ ಒಳಗೇ ಇದ್ದ, ಜೈಲಿನ ಸೂಪರಿಂಟೆಂಡೆಂಟ್ ಆಗಿ. ಅವನನ್ನು ಕಥೆಯಿಂದ ತೆಗೆದ ಕ್ಷಣವೇ ಈ ಥ್ರಿಲ್ಲರ್‌ನ ಉಸಿರು ನಿಂತಿತು ಎಂಬುದು ನನ್ನ ವಾದ.

ಬ್ಯಾರಿಸ್‌ಗೆ ಆ ತಾಯಿ ಯಾಕೆ?

ವಿಟೇಕರ್ ಮಾಡಿದ ಬ್ಯಾರಿಸ್ ಪಾತ್ರವನ್ನೇ ತೆಗೆದುಕೊಳ್ಳಿ. ನಲವತ್ತು ದಾಟಿದ, ಮೆತ್ತಗೆ ಮಾತಾಡುವ, ತಾಯಿಯ ಜೊತೆ ಅವಳ ಗದರಿಕೆಯಲ್ಲೇ ಬದುಕುವ ಮನುಷ್ಯ. ಗಾರ್ಡ್‌ನ ಸಮವಸ್ತ್ರ ಹಾಕಿದೊಡನೆ ಅವನೊಳಗೆ ಏನೋ ಎಚ್ಚರಗೊಳ್ಳುತ್ತದೆ. ಅಧಿಕಾರ ಅವನ ದೇಹಕ್ಕೇ ಸುಖ ಕೊಡತೊಡಗುತ್ತದೆ. ವಿಟೇಕರ್ ಅದನ್ನು ಕಣ್ಣಲ್ಲಿ, ಭುಜದಲ್ಲಿ ತೋರಿಸುವ ರೀತಿ ನಿಜಕ್ಕೂ ಚೆನ್ನಾಗಿದೆ. ತೊಂದರೆ ಇರುವುದು ಬರವಣಿಗೆಯಲ್ಲಿ. ಯಾವ ಸಾಮಾನ್ಯನೂ ಸನ್ನಿವೇಶ ಸಿಕ್ಕರೆ ಕ್ರೂರಿಯಾಗುತ್ತಾನೆ ಎಂಬುದು ಸಿನಿಮಾದ ಹೇಳಿಕೆ. ಹಾಗಿದ್ದರೆ ಬ್ಯಾರಿಸ್‌ಗೆ ಆ ತಾಯಿ ಯಾಕೆ ಬೇಕಿತ್ತು? ತಾಯಿಯನ್ನು ಕೊಟ್ಟ ಕೂಡಲೇ ಅವನ ಕ್ರೌರ್ಯ ಅವನ ಮನೆಯಿಂದಲೇ ಬಂದಂತಾಯಿತು, ಜೈಲಿನಿಂದ ಬಂದಂತಾಗಲಿಲ್ಲ. ಇನ್ನೊಬ್ಬ ಗಾರ್ಡ್ ಚೇಸ್ ಬರುವಾಗಲೇ ಹಸಿದ ಕಣ್ಣಿನವನು. ಒಳ್ಳೆಯ ಗಾರ್ಡ್ ಬಾಷ್ ಮೊದಲಿನಿಂದಲೂ ಒಳ್ಳೆಯವನೇ. ಹೀಗೆ ಪ್ರತಿಯೊಬ್ಬನೂ ತಾನಾಗಬೇಕಾದದ್ದನ್ನು ಬರುವಾಗಲೇ ಹೊತ್ತು ತಂದಿದ್ದರೆ ಪ್ರಯೋಗಕ್ಕೆ ಮಾಡಲು ಉಳಿದ ಕೆಲಸ ಯಾವುದು?

ಶೀರ್ಷಿಕೆಗಳು ಬರುವಾಗ ಪ್ರಾಣಿಗಳು ಪ್ರಾಣಿಗಳನ್ನು, ಮನುಷ್ಯರು ಮನುಷ್ಯರನ್ನು ಕೊಲ್ಲುವ ದೃಶ್ಯಗಳನ್ನು ಜೋಡಿಸಿದ್ದಾರೆ. ಕೊನೆಯಲ್ಲಿ ಬಸ್ಸಿನೊಳಗೆ ಕೈದಿಗಳಿಬ್ಬರು ಮನುಷ್ಯ ಕೋತಿಗಿಂತ ಮೇಲೋ ಅಲ್ಲವೋ ಎಂದು ಮಾತಾಡಿಕೊಳ್ಳುತ್ತಾರೆ. ಅಂದರೆ ಆರಂಭದಿಂದ ಕೊನೆಯವರೆಗೂ ಸಿನಿಮಾ ಹೇಳುತ್ತಿರುವುದು ಒಂದೇ: ಇದು ಪ್ರಕೃತಿ, ಮುಚ್ಚಳ ತೆಗೆದರೆ ಒಳಗಿರುವುದು ಇದೇ. ಆಮೇಲೆ ನಾಯಕ ಟ್ರಾವಿಸ್ ಗೆಳತಿಯನ್ನು ಹುಡುಕಿಕೊಂಡು ಭಾರತಕ್ಕೆ ಬರುತ್ತಾನೆ. ಎರಡು ವಾರದ ಸಂಬಳದ ಆಸೆಗೆ ಅವನು ಒಪ್ಪಿಕೊಂಡದ್ದೇ ಈ ಪ್ರಯಾಣಕ್ಕಾಗಿ. ನಮ್ಮ ದೇಶವನ್ನು ಪಾಪ ತೊಳೆಯುವ ತೀರ್ಥದ ಹಾಗೆ ಕೊನೆಗೆ ತಂದಿಡುವುದು ಹಾಲಿವುಡ್‌ಗೆ ಹಳೆಯ ರೂಢಿ. ಇಲ್ಲಿ ಅದು ಬೇಸರ ತರಿಸುವುದು ಬೇರೆ ಕಾರಣಕ್ಕೆ: ಒಬ್ಬ ಹುಡುಗ ಒಳಗೆ ಸತ್ತಿದ್ದಾನೆ, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಒಂದು ಸುದ್ದಿ ತುಣುಕಿನಲ್ಲಿ ಮುಗಿಸಿ ಕ್ಯಾಮೆರಾ ಇಲ್ಲಿಗೆ ಹಾರಿಬಿಡುತ್ತದೆ.

ಆದರೂ ಕೆಂಪು ದೀಪದಲ್ಲಿ ಒಂದು ಒಳ್ಳೆಯ ಬೀಜ ಇತ್ತು ಎಂದು ಒಪ್ಪಬೇಕು. ದೀಪ ಹೊತ್ತಿಲ್ಲವಾದರೆ ನಾವು ಮಾಡುತ್ತಿರುವುದು ಸರಿ ಎಂದು ಬ್ಯಾರಿಸ್ ಅರ್ಥ ಮಾಡಿಕೊಳ್ಳುತ್ತಾನೆ. ನೋಡುತ್ತಿರುವವನು ಸುಮ್ಮನಿದ್ದಾನೆ, ಆದ್ದರಿಂದ ಒಪ್ಪಿಗೆ ಇದೆ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡು ಗಾರ್ಡ್‌ನ ಮುಖಕ್ಕೆ ಬಿದ್ದದ್ದರಿಂದ ಶುರುವಾಗಿ, ಕೈದಿಯ ತಲೆ ಬೋಳಿಸಿ ಅವನ ಮೇಲೆ ಮೂತ್ರ ಮಾಡುವವರೆಗೆ ಹೋದಾಗಲೂ ದೀಪ ಹೊತ್ತುವುದಿಲ್ಲ. ಈ ಮೌನವನ್ನೇ ಹಿಡಿದು ಹೋಗಿದ್ದರೆ ಸಿನಿಮಾ ಎಲ್ಲಿಗೋ ತಲುಪುತ್ತಿತ್ತು. ದೀಪದ ಆಚೆ ಕೂತವನು ಯಾರು, ಅವನು ಏನು ನೋಡುತ್ತಿದ್ದಾನೆ, ಸ್ವಿಚ್‌ನ ಮೇಲೆ ಅವನ ಬೆರಳು ಯಾಕೆ ಇಳಿಯುತ್ತಿಲ್ಲ ಎಂದು ಒಂದು ಸಲವೂ ಆಚೆ ಕಡೆ ತೋರಿಸದೆ, ಅದನ್ನು ಬರೀ ಯಂತ್ರ ಮಾಡಿ ಬಿಟ್ಟರು.

ಆರಡಿ ಒಂಬತ್ತಡಿ ಕೋಣೆ, ಹತ್ತು ನಿಮಿಷದ ಎಣಿಕೆ

ಈಗ ನಿಜವಾದ ಜಾಗಕ್ಕೆ ಬರೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಇದ್ದ ಜೋರ್ಡನ್ ಹಾಲ್‌ನ ನೆಲಮಾಳಿಗೆ. ಅಲ್ಲಿನ ಕಾರಿಡಾರ್‌ನಲ್ಲಿ 35 ಅಡಿ ಉದ್ದದ ಭಾಗವನ್ನು ಎರಡೂ ತುದಿಯಲ್ಲಿ ಹಲಗೆ ಗೋಡೆ ಹಾಕಿ ಮುಚ್ಚಿದರು. ಒಂದು ಗೋಡೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ವಿಡಿಯೊ ತೆಗೆಯಲು ಸಣ್ಣ ಕಿಂಡಿ. ಮೂರು ಪ್ರಯೋಗಾಲಯದ ಕೋಣೆಗಳ ಬಾಗಿಲು ಕಿತ್ತು ಕಪ್ಪು ಬಣ್ಣದ ಸರಳಿನ ಬಾಗಿಲು ಕೂರಿಸಿದರು. ಒಂದೊಂದು ಕೋಣೆ 6 ಅಡಿ ಅಗಲ, 9 ಅಡಿ ಉದ್ದ, ಅದರಲ್ಲಿ ಮೂವರ ಮಂಚ. ಎದುರಿಗೆ 2 ಅಡಿ ಅಗಲ, 2 ಅಡಿ ಆಳ, 7 ಅಡಿ ಎತ್ತರದ ಒಂದು ಸಾಮಾನು ಗೂಡು, ಬೆಳಕಿಲ್ಲ. ಅದು ಒಂಟಿ ಸೆರೆಯ ಕೋಣೆ. ಕಿಟಕಿ ಇಲ್ಲ, ಗಡಿಯಾರ ಇಲ್ಲ. ಗಾರ್ಡ್‌ಗಳಿಗೆ ಖಾಕಿ ಅಂಗಿ ಪ್ಯಾಂಟು, ಸೀಟಿ, ಲಾಠಿ, ಕಣ್ಣು ಕಾಣದಂತೆ ಕನ್ನಡಿಯಂಥ ತಂಪು ಕನ್ನಡಕ. ಕೈದಿಗಳಿಗೆ ಹಿಂದೆ ಮುಂದೆ ನಂಬರ್ ಇರುವ ಸಡಿಲ ನಿಲುವಂಗಿ, ಒಳಬಟ್ಟೆ ಇಲ್ಲ, ಕಾಲಿಗೆ ಸರಪಳಿ, ಕೂದಲು ಮುಚ್ಚಲು ನೈಲಾನ್ ಕಾಲುಚೀಲದ ಟೋಪಿ. ಪತ್ರಿಕೆಯ ಜಾಹೀರಾತು ನೋಡಿ ಬಂದ 70ಕ್ಕೂ ಹೆಚ್ಚು ಜನರಲ್ಲಿ 24 ಮಂದಿಯನ್ನು ಆರಿಸಿ, ಯಾರು ಯಾವ ಕಡೆ ಎಂಬುದನ್ನು ನಾಣ್ಯ ಚಿಮ್ಮಿದ ಹಾಗೆ ನಿರ್ಧರಿಸಿದ್ದರು. ದಿನಕ್ಕೆ 15 ಡಾಲರ್.

ಸಿನಿಮಾ ಮಾಡುವವರಿಗೆ ಇಲ್ಲಿ ಸಿಗುವ ಎಲ್ಲಕ್ಕಿಂತ ದೊಡ್ಡ ವಸ್ತು ಲಾಠಿಯಲ್ಲ, ಎಣಿಕೆ. ಗಾರ್ಡ್‌ಗಳು ಎಂಟು ಗಂಟೆಯ ಮೂರು ಪಾಳಿಯಲ್ಲಿ ಬರುತ್ತಿದ್ದರು: ಬೆಳಗ್ಗೆ 10ರಿಂದ ಸಂಜೆ 6, ಸಂಜೆ 6ರಿಂದ ರಾತ್ರಿ 2, ರಾತ್ರಿ 2ರಿಂದ ಬೆಳಗ್ಗೆ 10. ಪ್ರತಿ ಪಾಳಿಯಲ್ಲೂ ಕೈದಿಗಳನ್ನು ಕಾರಿಡಾರ್‌ನಲ್ಲಿ ಸಾಲಾಗಿ ನಿಲ್ಲಿಸಿ ಅವರವರ ನಂಬರ್ ಹೇಳಿಸಬೇಕು. ಮೊದಲ ದಿನ ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಆಮೇಲೆ ದಿನದಿಂದ ದಿನಕ್ಕೆ ಬೆಳೆಯುತ್ತಾ ಹೋಗಿ ಕೆಲವು ಎಣಿಕೆಗಳು ಹಲವು ಗಂಟೆ ಹಿಡಿದವು. ನಂಬರ್ ಹಾಡಿ ಹೇಳು, ಹಿಂದುಮುಂದಾಗಿ ಹೇಳು, ತಪ್ಪಿದೆ, ದಂಡ ಹೊಡೆ, ಮತ್ತೆ ಮೊದಲಿನಿಂದ. ರಾತ್ರಿ ಎರಡೂವರೆಗೆ ಸೀಟಿ ಊದಿ ಎಬ್ಬಿಸಿ ಇದೇ ಕೆಲಸ. ರಕ್ತ ಬೇಡ, ಮೂಗು ಒಡೆಯುವುದು ಬೇಡ. ಒಂದೇ ಕೆಲಸ ಹತ್ತು ನಿಮಿಷದಿಂದ ಮೂರು ಗಂಟೆಗೆ ಹಿಗ್ಗುವುದನ್ನು ನೋಡುತ್ತಾ ಕೂರುವಂತೆ ಮಾಡಿದರೆ ಪ್ರೇಕ್ಷಕನ ಬೆನ್ನು ತಾನಾಗಿಯೇ ಬಿಗಿಯುತ್ತದೆ. 2010ರ ಸಿನಿಮಾದಲ್ಲಿ ಈ ಹಿಗ್ಗುವಿಕೆಗೆ ಜಾಗವೇ ಇಲ್ಲ. ಅಲ್ಲಿ ಒಂದು ತಪ್ಪು, ಒಂದು ಶಿಕ್ಷೆ, ಇನ್ನೊಂದು ದೊಡ್ಡ ತಪ್ಪು, ಇನ್ನೊಂದು ದೊಡ್ಡ ಶಿಕ್ಷೆ ಎಂದು ಲೆಕ್ಕ ಏರುತ್ತದೆ. ಏರಿಕೆಗೆ ಪ್ರತಿಸಲವೂ ಒಂದು ಘಟನೆ ಬೇಕಾಗುತ್ತದೆ. ನಿಜವಾದ ನೆಲಮಾಳಿಗೆಯಲ್ಲಿ ಬೇಸರ ಹಿಡಿದ ಗಾರ್ಡ್‌ಗಳಿಗೆ ಘಟನೆಯ ಅಗತ್ಯವೇ ಇರಲಿಲ್ಲ.

ಕಕ್ಕಸಿನ ವಿಷಯವೂ ಹಾಗೆಯೇ. ತಲೆಗೆ ಕಾಗದದ ಚೀಲ ಹಾಕಿ, ಕಾಲಿಗೆ ಸರಪಳಿ ಕಟ್ಟಿ, ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ ಇರಿಸಿ ಕರೆದೊಯ್ಯುತ್ತಿದ್ದರು. ಜಾಗ ಎಲ್ಲಿದೆ ಎಂದು ಗೊತ್ತಾಗಬಾರದು ಎಂಬುದು ಚೀಲದ ಉದ್ದೇಶ. ರಾತ್ರಿ ದೀಪ ಆರಿಸಿದ ಮೇಲೆ ಕೋಣೆಯಲ್ಲೇ ಬಕೆಟ್, ಅದನ್ನು ಚೆಲ್ಲಿ ಬರಲು ಬಿಡುವುದೂ ಬಿಡದಿರುವುದೂ ಗಾರ್ಡ್‌ಗೆ ಬಿಟ್ಟದ್ದು. ಮೊದಲು ಹಕ್ಕಾಗಿದ್ದದ್ದು ಮೂರನೆಯ ದಿನಕ್ಕೆ ಕೃಪೆಯಾಗುತ್ತದೆ. ಎರಡನೆಯ ದಿನ ಬೆಳಗ್ಗೆ ಕೈದಿಗಳು ಟೋಪಿ, ನಂಬರ್ ಕಿತ್ತೊಗೆದು ಮಂಚ ಅಡ್ಡವಿಟ್ಟು ಬಂಡೆದ್ದಾಗ ಬೆಂಕಿ ಆರಿಸುವ ಸಿಲಿಂಡರ್ ತಂದು ಅನಿಲ ಎರಚಿದ ಸಂಗತಿಯನ್ನು ಮಾತ್ರ 2010ರ ಸಿನಿಮಾ ಎತ್ತಿಕೊಂಡಿದೆ, ಯಾಕೆಂದರೆ ಅದು ಕಣ್ಣಿಗೆ ಹೊಡೆಯುತ್ತದೆ. ಬಂಡಾಯದ ನಂತರ ಗಾರ್ಡ್‌ಗಳು ಮಾಡಿದ್ದು ಅದಕ್ಕಿಂತ ಸೂಕ್ಷ್ಮ: ಒಂದು ಕೋಣೆಯನ್ನು 'ಒಳ್ಳೆಯವರ ಕೋಣೆ' ಮಾಡಿ ಅಲ್ಲಿದ್ದವರಿಗೆ ಹಾಸಿಗೆ, ಒಳ್ಳೆಯ ಊಟ ಕೊಟ್ಟರು, ಆಮೇಲೆ ಕಾರಣ ಹೇಳದೆ ಕೆಲವರನ್ನು ಅದಲುಬದಲು ಮಾಡಿದರು. ಯಾರು ಮಾಹಿತಿ ಕೊಟ್ಟು ಸವಲತ್ತು ಪಡೆದರು ಎಂಬ ಅನುಮಾನದಲ್ಲಿ ಕೈದಿಗಳ ಒಗ್ಗಟ್ಟು ಒಡೆಯಿತು. ಥ್ರಿಲ್ಲರ್‌ಗೆ ಬೇಕಾದ ಅಪನಂಬಿಕೆ ಎಲ್ಲ ಇಲ್ಲೇ ಇದೆ.

ಅಪ್ಪ ಅಮ್ಮ ನೋಡಲು ಬಂದ ಸಂಜೆ

ಫಿಲಿಪ್ ಜಿಂಬಾರ್ಡೊ ತಾನೇ ಹೇಳಿಕೊಂಡಿರುವ ಒಂದು ಸಂಗತಿ ನನ್ನನ್ನು ಬಿಟ್ಟೇ ಹೋಗುವುದಿಲ್ಲ. ಹೆತ್ತವರ ಭೇಟಿಯ ದಿನ. ಮಕ್ಕಳ ಸ್ಥಿತಿ ನೋಡಿ ಮನೆಗೆ ಕರೆದೊಯ್ದರೆ ಎಂಬ ಭಯಕ್ಕೆ ಜೈಲನ್ನು ತೊಳೆಸಿದರು, ಕೈದಿಗಳಿಗೆ ಸ್ನಾನ, ಕ್ಷೌರ ಮಾಡಿಸಿದರು, ಹೊಟ್ಟೆ ತುಂಬ ಊಟ ಕೊಟ್ಟರು, ಸ್ಪೀಕರ್‌ನಲ್ಲಿ ಹಾಡು ಹಾಕಿದರು. ಬಂದವರು ಹೆಸರು ಬರೆಸಿ ಅರ್ಧ ಗಂಟೆ ಕಾಯಬೇಕು, ಒಬ್ಬ ಕೈದಿಗೆ ಇಬ್ಬರೇ ಭೇಟಿ, ಹತ್ತೇ ನಿಮಿಷ, ಪಕ್ಕದಲ್ಲಿ ಗಾರ್ಡ್. ಹೆತ್ತವರು ಗೊಣಗಿದರು, ಆದರೆ ಪಾಲಿಸಿದರು. ಒಬ್ಬ ತಾಯಿ ಮಾತ್ರ ಮಗ ಇಷ್ಟು ಬಳಲಿದ್ದನ್ನು ಯಾವತ್ತೂ ನೋಡಿಲ್ಲ ಎಂದು ಸೂಪರಿಂಟೆಂಡೆಂಟ್ ಬಳಿ ಬಂದಳು. ಆ ಸೂಪರಿಂಟೆಂಡೆಂಟ್ ಜಿಂಬಾರ್ಡೊ. ಆತ ನಿಮ್ಮ ಹುಡುಗನಿಗೆ ಏನಾಗಿದೆ, ನಿದ್ದೆ ಬರುವುದಿಲ್ಲವೇ ಎಂದು ತೊಂದರೆಯನ್ನು ಹುಡುಗನ ತಲೆಗೇ ಕಟ್ಟಿದ. ತಾಯಿ ಸುಮ್ಮನಾಗದಿದ್ದಾಗ ತಂದೆಯ ಕಡೆ ತಿರುಗಿ, ನಿಮ್ಮ ಮಗ ಇಷ್ಟನ್ನು ತಡೆಯಲಾರನೇ ಎಂದು ಕೇಳಿದ. ತಂದೆ ಗಂಡಸಿನ ಮರ್ಯಾದೆಗೆ ಬಿದ್ದು, ಅವನು ಗಟ್ಟಿಗ, ತಡೆದುಕೊಳ್ಳುತ್ತಾನೆ ಎಂದ. ಹೆಂಡತಿಯನ್ನು ಕರೆದುಕೊಂಡು ಹೊರಟ.

ಈ ದೃಶ್ಯದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ, ಧ್ವನಿಯೂ ಏರುವುದಿಲ್ಲ. ಎರಡೇ ಮಾತಿನಲ್ಲಿ ಒಬ್ಬ ವಿದ್ವಾಂಸ ಒಬ್ಬ ತಾಯಿಯ ಕಣ್ಣಿಗೆ ಕಂಡದ್ದನ್ನು ಸುಳ್ಳು ಮಾಡಿಬಿಡುತ್ತಾನೆ. ಆತ ದುಷ್ಟನಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವನು, ಜೈಲುಗಳು ಸುಧಾರಿಸಬೇಕು ಎಂದು ನಂಬಿದವನು. ಅವನಿಗೆ ಆ ಕ್ಷಣದಲ್ಲಿ ಬೇಕಾಗಿದ್ದದ್ದು ತನ್ನ ಪ್ರಯೋಗ ನಿಲ್ಲದಿರುವುದು, ಅಷ್ಟೇ. ಇಂಥ ಮನುಷ್ಯನನ್ನು ಕೇಂದ್ರದಲ್ಲಿಟ್ಟರೆ ಬ್ಯಾರಿಸ್‌ನ ತಾಯಿ, ಚೇಸ್‌ನ ಕಾಮ, ಕೋತಿಯ ಮಾತು ಯಾವುದೂ ಬೇಡ.

ಇನ್ನೊಂದು ಸಂಗತಿ ಅದೇ ದಿನದ್ದು. ಆಗಲೇ ಬಿಡುಗಡೆಯಾಗಿದ್ದ 8612 ನಂಬರ್ ಕೈದಿ ಗೆಳೆಯರನ್ನು ಕಟ್ಟಿಕೊಂಡು ಜೈಲಿಗೆ ನುಗ್ಗುತ್ತಾನೆ ಎಂಬ ಗಾಳಿಸುದ್ದಿ ಹಬ್ಬಿತು. ಸುದ್ದಿ ಹೇಗೆ ಹರಡುತ್ತದೆ ಎಂದು ದಾಖಲಿಸಬೇಕಾದ ವಿಜ್ಞಾನಿಗಳು ಅದನ್ನು ತಡೆಯಲು ಓಡಾಡಿದರು. ಪಾಲೊ ಆಲ್ಟೊ ಪೊಲೀಸರ ಹಳೆಯ ಲಾಕಪ್ ಕೊಡಿ ಎಂದು ಕೇಳಿದರು, ಅವರು ಕೊಡಲಿಲ್ಲ. ಕೊನೆಗೆ ಕೈದಿಗಳ ತಲೆಗೆ ಚೀಲ ಹಾಕಿ ಮೇಲಿನ ಮಹಡಿಯ ಉಗ್ರಾಣಕ್ಕೆ ಸಾಗಿಸಿ, ಖಾಲಿ ಜೈಲಿನಲ್ಲಿ ಜಿಂಬಾರ್ಡೊ ಒಬ್ಬನೇ ಕಾಯುತ್ತಾ ಕೂತ. ಆಗ ಕುತೂಹಲಕ್ಕೆ ಇಳಿದು ಬಂದ ಸಹೋದ್ಯೋಗಿಯೊಬ್ಬರು ವಿಷಯ ಕೇಳಿ ತಿಳಿದುಕೊಂಡು, ಇದರಲ್ಲಿ ನೀನು ಬದಲಿಸಿ ನೋಡುತ್ತಿರುವ ಅಂಶ ಯಾವುದು ಎಂದು ಪ್ರಶ್ನಿಸಿದರು. ಮನಃಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೆ ಕೇಳುವ ಪ್ರಶ್ನೆ. ಜಿಂಬಾರ್ಡೊಗೆ ಸಿಟ್ಟು ಬಂತು: ಇಲ್ಲಿ ಜೈಲೊಡೆಯುವ ಗಲಾಟೆ ನಡೆದಿದೆ, ಇವನಿಗೆ ವಿಜ್ಞಾನದ ಚಿಂತೆ! ತಾನು ಸಂಶೋಧಕನಾಗಿ ಉಳಿದಿರಲಿಲ್ಲ ಎಂದು ಆತನಿಗೆ ಹೊಳೆದದ್ದು ಬಹಳ ತಡವಾಗಿ. ಯಾರೂ ಜೈಲಿಗೆ ನುಗ್ಗಲಿಲ್ಲ. ಆ ದಿನದ ಯಾವ ದಾಖಲೆಯೂ ಸಂಗ್ರಹವಾಗಲಿಲ್ಲ.

'ನಾವು' ಎಂದದ್ದು

ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಓದಿದ ಕಥೆ ಹೀಗಿತ್ತು: ಗಾರ್ಡ್‌ಗಳಿಗೆ ಯಾರೂ ಏನೂ ಹೇಳಿಕೊಡಲಿಲ್ಲ, ಸಮವಸ್ತ್ರ ಹಾಕಿದೊಡನೆ ಅವರು ತಾವಾಗಿ ಕ್ರೂರಿಗಳಾದರು. ಸ್ಟ್ಯಾನ್‌ಫರ್ಡ್‌ನ ದಾಖಲೆಗಳನ್ನು ಜಾಲಾಡಿದ ಫ್ರೆಂಚ್ ಸಂಶೋಧಕ ತಿಬೋ ಲೆ ತೆಕ್ಸಿಯೆ 2018ರಲ್ಲಿ ಪುಸ್ತಕವನ್ನೂ 2019ರಲ್ಲಿ 'ಅಮೆರಿಕನ್ ಸೈಕಾಲಜಿಸ್ಟ್' ಪತ್ರಿಕೆಯಲ್ಲಿ ಲೇಖನವನ್ನೂ ಪ್ರಕಟಿಸಿದ ಮೇಲೆ ಆ ಕಥೆ ನಿಲ್ಲುವುದು ಕಷ್ಟವಾಗಿದೆ. ಕೈದಿಗಳನ್ನು ಹಿಡಿದು ತರುವ ಹಿಂದಿನ ದಿನ ಗಾರ್ಡ್‌ಗಳನ್ನು ಕೂರಿಸಿಕೊಂಡು ಮಾಡಿದ ಸಭೆಯ ಧ್ವನಿಮುದ್ರಣ ಇದೆ. ಹೊಡೆಯುವಂತಿಲ್ಲ ಎಂದು ಹೇಳಿದ ಜಿಂಬಾರ್ಡೊ, ಅದರ ಜೊತೆಗೇ ಕೈದಿಗಳಲ್ಲಿ ಬೇಸರ ಹುಟ್ಟಿಸಬಹುದು, ಒಂದು ಮಟ್ಟಿಗೆ ಭಯ ಹುಟ್ಟಿಸಬಹುದು, ಅವರ ಬದುಕು ಪೂರ್ತಿ ನಮ್ಮ ಕೈಯಲ್ಲಿದೆ ಎಂದು ಅನಿಸುವಂತೆ ಮಾಡಬಹುದು ಎಂದ. ಎಲ್ಲ ಅಧಿಕಾರ ನಮಗೆ, ಅವರಿಗೆ ಏನೂ ಇಲ್ಲ ಎಂದ. ಗಾರ್ಡ್‌ಗಳು ಮತ್ತು ವಿಜ್ಞಾನಿಗಳು ಒಂದು ಕಡೆ, ಕೈದಿಗಳು ಇನ್ನೊಂದು ಕಡೆ ಎಂಬ ಗೆರೆ ಪ್ರಯೋಗ ಶುರುವಾಗುವ ಮೊದಲೇ ಬಿದ್ದಿತ್ತು.

ಜೈಲಿನ ವಾರ್ಡನ್ ಆಗಿದ್ದವನು ಡೇವಿಡ್ ಜಾಫಿ ಎಂಬ ಪದವಿ ವಿದ್ಯಾರ್ಥಿ. ಅದೇ ವರ್ಷ ಕೆಲವು ತಿಂಗಳ ಹಿಂದೆ ಆತ ತನ್ನ ಹಾಸ್ಟೆಲ್ ಟೋಯನ್ ಹಾಲ್‌ನಲ್ಲಿ ಗೆಳೆಯರ ಜೊತೆ ಇಂಥದ್ದೇ ಅಣಕು ಜೈಲು ನಡೆಸಿದ್ದ. ನೆಲಮಾಳಿಗೆಯ ನಿಯಮಗಳಲ್ಲಿ ಎಷ್ಟೋ ಅಲ್ಲಿಂದ ಬಂದವು. ಇನ್ನೊಂದು ಧ್ವನಿಮುದ್ರಣದಲ್ಲಿ ಜಾಫಿ ಮೆತ್ತಗಿದ್ದ ಒಬ್ಬ ಗಾರ್ಡ್‌ನನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾನೆ. ನೀನು ಇನ್ನೂ ಚುರುಕಾಗಬೇಕು, ಪ್ರತಿಯೊಬ್ಬ ಗಾರ್ಡ್ ಗಡುಸಾಗಿರಬೇಕು ಎನ್ನುತ್ತಾನೆ. ಗಾರ್ಡ್ ಒಪ್ಪದೆ ಹಿಂಜರಿಯುತ್ತಾನೆ. ಆಗ ಜಾಫಿ ಕೊಡುವ ಕಾರಣವನ್ನು ಗಮನಿಸಬೇಕು: ಇದರಿಂದ ಬರುವ ಫಲಿತಾಂಶವನ್ನು ಪತ್ರಿಕೆಗಳ ಮುಂದೆ, ಜಗತ್ತಿನ ಮುಂದೆ ಇಟ್ಟು, ಜೈಲು ಅಂದರೆ ಹೀಗಿರುತ್ತದೆ, ಇದನ್ನು ಸುಧಾರಿಸಿ ಎಂದು ಹೇಳಬಹುದು. ಜೈಲಿನ ಕ್ರೌರ್ಯ ತಪ್ಪಿಸಲು ನೀನು ಈಗ ಕ್ರೂರಿಯಾಗು ಎಂಬುದೇ ಬೇಡಿಕೆ. ಸ್ಟೀಫನ್ ರೀಷರ್, ಅಲೆಕ್ಸ್ ಹ್ಯಾಸ್ಲಮ್ ಮತ್ತು ಜೇ ವ್ಯಾನ್ ಬ್ಯಾವೆಲ್ 2019ರಲ್ಲಿ ಇದೇ ಮಾತುಕತೆಯನ್ನು ಬಿಡಿಸಿ ನೋಡಿ, ಒಳ್ಳೆಯ ಉದ್ದೇಶದ ಹೆಸರಿನಲ್ಲಿ 'ನಾವು ಒಂದೇ ತಂಡ' ಎಂದು ಒಪ್ಪಿಸುವ ನಾಯಕತ್ವ ಇಲ್ಲಿ ಕೆಲಸ ಮಾಡಿದೆ ಎಂದು ವಾದಿಸಿದರು. ಸಮವಸ್ತ್ರ ತಾನಾಗಿ ಏನನ್ನೂ ಮಾಡಲಿಲ್ಲ.

ಹೀಗಾಗಿ ಹಾಲಿವುಡ್ ನಟ 'ಜಾನ್ ವೇಯ್ನ್' ಹೆಸರನ್ನೇ ಅಡ್ಡಹೆಸರಾಗಿ ಪಡೆದ ಒಬ್ಬ ರಾತ್ರಿ ಪಾಳಿಯ ಗಾರ್ಡ್ ಕೂಡ ಬೇರೆಯಾಗಿ ಕಾಣುತ್ತಾನೆ. ಎಲ್ಲರಿಗಿಂತ ಕಟುವಾಗಿದ್ದ ಈ ಹುಡುಗನಿಗೆ ನಾಟಕದ ಅಭ್ಯಾಸ ಇತ್ತು. 1967ರ 'ಕೂಲ್ ಹ್ಯಾಂಡ್ ಲ್ಯೂಕ್' ಸಿನಿಮಾದ ಜೈಲಧಿಕಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೆರಿಕದ ದಕ್ಷಿಣದವರ ಉಚ್ಚಾರ ಹಚ್ಚಿಕೊಂಡು ಬೇಕೆಂದೇ ಪಾತ್ರ ಮಾಡಿದೆ, ಸಂಶೋಧಕರಿಗೆ ಬೇಕಾದದ್ದನ್ನು ಕೊಡುತ್ತಿದ್ದೇನೆ ಎಂದುಕೊಂಡಿದ್ದೆ ಎಂದು ಆತ ಮುಂದೆ ಹೇಳಿದ. ಸಿನಿಮಾದ ಜೈಲರ್ ಪ್ರಯೋಗಕ್ಕೆ ಇಳಿದ, ಪ್ರಯೋಗದ ಜೈಲರ್ ಮುಂದಿನ ಸಿನಿಮಾಗಳಿಗೆ ಏರಿದ. ಅವನಿಂದ ಕೈದಿಗಳು ಪಟ್ಟ ನೋವು ಮಾತ್ರ ನಟನೆಯಲ್ಲ, ಅದನ್ನು ಮರೆಯುವಂತಿಲ್ಲ. ಜಿಂಬಾರ್ಡೊ ಲೆಕ್ಕದಲ್ಲೇ ಹೀಗೆ ಅತಿಗೆ ಹೋದವರು ಗಾರ್ಡ್‌ಗಳಲ್ಲಿ ಮೂರನೇ ಒಂದು ಪಾಲು. ಉಳಿದವರಲ್ಲಿ ಕೆಲವರು ನಿಯಮದಷ್ಟೇ ಕಟ್ಟುನಿಟ್ಟು, ಕೆಲವರು ಕೈದಿಗಳಿಗೆ ಗುಟ್ಟಾಗಿ ನೆರವಾದವರು. ಸನ್ನಿವೇಶವೇ ಎಲ್ಲವನ್ನೂ ಮಾಡುತ್ತದೆ ಎಂದರೆ ಈ ಮೂರು ಬಗೆಯವರು ಎಲ್ಲಿಂದ ಬಂದರು?

ಜಾಹೀರಾತಿನ ಕಡೆಗೂ ಒಮ್ಮೆ ನೋಡಬೇಕು. 2007ರಲ್ಲಿ ಥಾಮಸ್ ಕಾರ್ನಹಾನ್ ಮತ್ತು ಸ್ಯಾಮ್ ಮೆಕ್‌ಫಾರ್ಲ್ಯಾಂಡ್ ಎರಡು ಜಾಹೀರಾತು ಕೊಟ್ಟು ಹೋಲಿಸಿದರು. ಒಂದರಲ್ಲಿ 'ಜೈಲು ಜೀವನದ ಅಧ್ಯಯನ' ಎಂದಿತ್ತು, ಇನ್ನೊಂದರಲ್ಲಿ ಜೈಲಿನ ಮಾತೇ ಇರಲಿಲ್ಲ. ಜೈಲು ಎಂದು ಓದಿ ಬಂದವರಲ್ಲಿ ಆಕ್ರಮಣಶೀಲತೆ, ಅಧಿಕಾರದ ಒಲವು, ಸ್ವಮೋಹ ಹೆಚ್ಚಿತ್ತು. ಅನುಕಂಪ ಕಡಿಮೆ ಇತ್ತು. ನಾಣ್ಯ ಚಿಮ್ಮುವ ಮೊದಲೇ ಒಂದು ಜರಡಿ ಹಿಡಿದಾಗಿರುತ್ತದೆ ಎಂದಾಯಿತು. 2010ರ ಸಿನಿಮಾ ಆಯ್ಕೆಯ ಸಂದರ್ಶನಕ್ಕೆ ಸಾಕಷ್ಟು ಹೊತ್ತು ಕೊಡುತ್ತದೆ, ಆದರೆ ಅದನ್ನು ಪಾತ್ರ ಪರಿಚಯಕ್ಕೆ ಖರ್ಚು ಮಾಡುತ್ತದೆ.

ಬಾಗಿಲು ತೆರೆದಿತ್ತೇ?

ಥ್ರಿಲ್ಲರ್‌ನ ನಿಜವಾದ ಗಂಟು ಇರುವುದು 8612 ನಂಬರ್ ಕೈದಿಯ ಹತ್ತಿರ. ಒಳಗೆ ಬಂದು 36 ಗಂಟೆ ಕಳೆಯುವಷ್ಟರಲ್ಲಿ ಆತ ಕಿರುಚಾಡಿ, ಅತ್ತು, ಬಾಗಿಲು ಒದ್ದು ಬಿಡುಗಡೆ ಪಡೆದ. ಆ ಕಿರುಚಾಟದ ಧ್ವನಿಮುದ್ರಣ ದಶಕಗಳ ಕಾಲ ತರಗತಿಗಳಲ್ಲಿ, ಟಿವಿಯಲ್ಲಿ ಕೇಳಿಸಿತು. ಮುಂದೆ ಆತನೇ ಹೇಳಿದ ಮಾತು ಬೇರೆ: ಜಿಆರ್‌ಇ ಪರೀಕ್ಷೆಗೆ ಓದಿಕೊಳ್ಳಲು ಒಳ್ಳೆಯ ಜಾಗ ಎಂದು ಬಂದೆ, ಪುಸ್ತಕ ಕೊಡಲಿಲ್ಲ, ಬಿಟ್ಟು ಹೋಗುತ್ತೇನೆ ಎಂದೆ, ಬಿಡಲಿಲ್ಲ, ಅದಕ್ಕೆ ಹುಚ್ಚು ಹಿಡಿದವನಂತೆ ನಟಿಸಿದೆ. ಪತ್ರಕರ್ತ ಬೆನ್ ಬ್ಲಮ್ 2018ರಲ್ಲಿ ಇದನ್ನೆಲ್ಲ ದಾಖಲಿಸಿದ. ಮೊದಲು ಕೇಳಿಕೊಂಡಾಗ ಸಿಕ್ಕದ್ದು ಇನ್ನೊಂದು ಬಗೆಯ ಉತ್ತರ: ಇಲ್ಲಿನ ಸುದ್ದಿ ನಮಗೆ ತಿಳಿಸು, ಗಾರ್ಡ್‌ಗಳು ನಿನ್ನ ತಂಟೆಗೆ ಬರದಂತೆ ನೋಡಿಕೊಳ್ಳುತ್ತೇವೆ. ವಾಪಸ್ ಹೋಗಿ ಆತ ಉಳಿದವರಿಗೆ ಹೇಳಿದ್ದು, ಇಲ್ಲಿಂದ ಹೊರಗೆ ಹೋಗಲಾಗುವುದಿಲ್ಲ ಎಂದು. ಆ ಒಂದು ಮಾತು ಕೋಣೆಯಿಂದ ಕೋಣೆಗೆ ಹೋದದ್ದೇ ತಡ, ಹಲಗೆ ಗೋಡೆಯ ಜೈಲು ಕಲ್ಲಿನ ಜೈಲಾಯಿತು. ಪ್ರಯೋಗ ಬಿಡುತ್ತೇನೆ ಎಂದು ಸರಿಯಾದ ಮಾತಿನಲ್ಲಿ ಹೇಳಿದ್ದರೆ ಬಿಡುತ್ತಿದ್ದೆವು ಎಂದು ಜಿಂಬಾರ್ಡೊ ಸಮರ್ಥಿಸಿಕೊಂಡ. ಸಹಿ ಹಾಕಿಸಿದ ಒಪ್ಪಿಗೆ ಪತ್ರದಲ್ಲಿ ಅಂಥ ಮಾತಿನ ಸುಳಿವೇ ಇಲ್ಲ.

ಇದನ್ನು ಬಿಟ್ಟು 2010ರ ಸಿನಿಮಾ ದುಡ್ಡನ್ನು ಬೀಗವನ್ನಾಗಿ ಮಾಡಿಕೊಂಡಿತು: ಒಬ್ಬ ಹೋದರೂ ಎಲ್ಲರ 14,000 ಡಾಲರ್ ಹೋಯಿತು. ಈ ಬೀಗ ಹಿಡಿಯುವುದಿಲ್ಲ. ಮಧುಮೇಹವಿದ್ದ ಬೆಂಜಿಗೆ ಇನ್ಸುಲಿನ್ ಸಿಗದೆ ಸಾಯುವ ಸ್ಥಿತಿ ಬಂದಾಗ ಯಾವ ಮೊತ್ತವೂ ಪ್ರೇಕ್ಷಕನಿಗೆ ಸಾಲದು. ಎಲ್ಲರೂ ಎದ್ದು ಯಾಕೆ ಹೊರಟುಬಿಡುವುದಿಲ್ಲ ಎಂದು ಮನಸ್ಸು ಕೇಳುತ್ತಲೇ ಇರುತ್ತದೆ. ಅಲ್ಲಿಂದ ಮುಂದೆ ಹೊಡೆದಾಟ ಎಷ್ಟು ಜೋರಾದರೂ ನಂಬಿಕೆ ಮರಳುವುದಿಲ್ಲ. ದಿನಕ್ಕೆ ಬರೀ 15 ಡಾಲರ್ ಪಡೆದವರು ಒಳಗೇ ಉಳಿದರಲ್ಲ, ಅದನ್ನು ಅರ್ಥ ಮಾಡಿಕೊಳ್ಳುವುದು ಇನ್ನೂ ಕಷ್ಟ, ಮತ್ತು ಅದೇ ಹೆಚ್ಚು ಭಯ ಹುಟ್ಟಿಸುವಂಥದ್ದು.

ಉಳಿದ ಸಿನಿಮಾಗಳು, ಇನ್ನೊಂದು ಜೈಲು

ಜರ್ಮನ್ ಸಿನಿಮಾದಲ್ಲೂ ಕೊನೆಗೆ ರಕ್ತ ಹರಿಯುತ್ತದೆ. ಆದರೂ ಆಲಿವರ್ ಹಿರ್ಷ್‌ಬೀಗಲ್ ಪ್ರೊಫೆಸರನನ್ನೂ ಅವನ ಸಹಾಯಕಿಯನ್ನೂ ಕಥೆಯಲ್ಲಿ ಇಟ್ಟುಕೊಂಡಿದ್ದಾನೆ. ನಿಲ್ಲಿಸಬೇಕೇ ಬೇಡವೇ ಎಂದು ಅವರು ವಾದಿಸುತ್ತಾರೆ, ನಿಲ್ಲಿಸಬೇಕಾದ ಹೊತ್ತಿಗೆ ಪ್ರೊಫೆಸರ್ ಊರಲ್ಲಿರುವುದಿಲ್ಲ. ಊಟದ ಹೊತ್ತಿನಲ್ಲಿ ಕೈದಿಯೊಬ್ಬ ಹಾಲು ಕುಡಿಯಲಾರೆ ಎಂದಾಗ ಪಕ್ಕದವನು ಅದನ್ನು ಕಸಿದು ಕುಡಿದುಬಿಡುವ ಒಂದು ಸಣ್ಣ ದೃಶ್ಯ ಇದೆ. ಒಂದು ಲೋಟ ಹಾಲಿನಿಂದ ಗಾರ್ಡ್‌ಗಳ ಮರ್ಯಾದೆಯ ಪ್ರಶ್ನೆ ಶುರುವಾಗುತ್ತದೆ. ಅಷ್ಟು ಸಣ್ಣದರಿಂದ ಹೊರಟದ್ದಕ್ಕೇ ಅದು ನಂಬಿಕೆ ಹುಟ್ಟಿಸುತ್ತದೆ. 2015ರಲ್ಲಿ ಕೈಲ್ ಪ್ಯಾಟ್ರಿಕ್ ಅಲ್ವಾರೆಜ್ ಮಾಡಿದ ಸಿನಿಮಾ ಇನ್ನೂ ಹತ್ತಿರ ಹೋಗುತ್ತದೆ. ಬಿಲ್ಲಿ ಕ್ರುಡಪ್ ಮಾಡಿದ ಜಿಂಬಾರ್ಡೊ ಮಾನಿಟರ್ ಮುಂದೆ ಕೂತು ನೋಡುತ್ತಾನೆ, ಕಾರಿಡಾರ್ ಉದ್ದಕ್ಕೂ ನಡೆಯುತ್ತಾನೆ. ಗುರುವಾರ ರಾತ್ರಿ ಜಿಂಬಾರ್ಡೊನ ಗೆಳತಿ, ಮನಃಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಬಂದು, ತಲೆಗೆ ಚೀಲ ಹಾಕಿದ ಸಾಲನ್ನು ಕಂಡು, ಈ ಹುಡುಗರಿಗೆ ನೀನು ಮಾಡುತ್ತಿರುವುದು ಘೋರ ಎಂದು ಜಗಳವಾಡಿದ ಮೇಲೆ ಮರುದಿನ ಪ್ರಯೋಗ ನಿಂತದ್ದು ಇತಿಹಾಸ. ಆ ಸಿನಿಮಾಕ್ಕೆ ಜಿಂಬಾರ್ಡೊ ಸ್ವತಃ ಸಲಹೆಗಾರ. ಆದ್ದರಿಂದ ಅದು ಆತನ ತಪ್ಪೊಪ್ಪಿಗೆಯಷ್ಟೇ ಪ್ರಾಮಾಣಿಕವಾಗಿದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಗಾರ್ಡ್‌ಗಳಿಗೆ ಹೀಗೆ ಹೇಳಿಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2001ರ ಡಿಸೆಂಬರ್‌ನಲ್ಲಿ ಹ್ಯಾಸ್ಲಮ್ ಮತ್ತು ರೀಷರ್ ಬಿಬಿಸಿ ಜೊತೆ ಸೇರಿ 15 ಗಂಡಸರೊಂದಿಗೆ ಇನ್ನೊಂದು ಜೈಲು ಕಟ್ಟಿದರು. ಸ್ವತಂತ್ರ ನೈತಿಕ ಸಮಿತಿ ಇತ್ತು, ಕ್ಲಿನಿಕಲ್ ಮನಃಶಾಸ್ತ್ರಜ್ಞರು ಕಾವಲಿದ್ದರು, ಒತ್ತಡ ಅಳೆಯಲು ಜೊಲ್ಲಿನ ಪರೀಕ್ಷೆ ನಡೆಯುತ್ತಿತ್ತು. ಸಂಶೋಧಕರು ಯಾವ ಕಡೆಗೂ ಸೇರಲಿಲ್ಲ. ಗಾರ್ಡ್‌ಗಳು ಅಧಿಕಾರ ಚಲಾಯಿಸಲು ಮುಜುಗರಪಟ್ಟರು, ತಮ್ಮೊಳಗೇ ಒಂದಾಗಲಿಲ್ಲ. ಕೈದಿಗಳು ಒಂದಾದರು. ಆರನೆಯ ದಿನ ಜೈಲು ವ್ಯವಸ್ಥೆ ಮುರಿದು ಬಿತ್ತು, ಎಲ್ಲರೂ ಸಮಾನರಾಗಿ ಬದುಕುವ ಪ್ರಯತ್ನ ಮಾಡಿದರು, ಅದೂ ನಿಲ್ಲಲಿಲ್ಲ. ಕೆಲವರು ಈ ಸಲ ಇನ್ನೂ ಕಠಿಣವಾದ ಆಡಳಿತ ಬೇಕು ಎಂದು ಹೊಸ ಗಾರ್ಡ್‌ಗಳಾಗಲು ಮುಂದೆ ಬಂದರು, ಬೇಸತ್ತ ಉಳಿದವರಲ್ಲಿ ಎದುರಿಸುವ ಹುರುಪು ಇಳಿದಿತ್ತು. ಎಂಟನೆಯ ದಿನ ಸಂಶೋಧಕರು ನಿಲ್ಲಿಸಿದರು. ಕುಸಿದ ವ್ಯವಸ್ಥೆಯೊಳಗಿಂದ ಸರ್ವಾಧಿಕಾರದ ಆಸೆ ಹೇಗೆ ಹುಟ್ಟುತ್ತದೆ ಎಂಬ ಕಥೆ ಇದು, ಒಂದು ಏಟೂ ಇಲ್ಲದೆ. ಚಿತ್ರಕಥೆ ಬರೆಯುವವರು ಯಾಕೆ ಇದನ್ನು ಮುಟ್ಟಿಲ್ಲವೋ.

ಇನ್ನು ಯಾರಾದರೂ 1971ರ ಕಥೆಯನ್ನು ಮತ್ತೆ ಮಾಡುವುದಿದ್ದರೆ ಜಾಫಿ ಮತ್ತು ಆ ಮೆತ್ತಗಿನ ಗಾರ್ಡ್‌ನ ಮಾತುಕತೆಯಿಂದ ಶುರು ಮಾಡಲಿ. ಇಬ್ಬರೇ ಹುಡುಗರು, ಒಬ್ಬ ಕುರ್ಚಿ ಎಳೆದುಕೊಂಡು ತಾಳ್ಮೆಯಿಂದ ಒಪ್ಪಿಸುತ್ತಿದ್ದಾನೆ, ಇನ್ನೊಬ್ಬ ತನಗೆ ಇದು ಒಗ್ಗುವುದಿಲ್ಲ ಎನ್ನುತ್ತಿದ್ದಾನೆ. ಪೂರ್ತಿ ಮಾತನ್ನು ಕತ್ತರಿಸದೆ ಇಡಲಿ. ಆಮೇಲಿನ ಪ್ರತಿ ಎಣಿಕೆಯನ್ನು ಹಿಂದಿನದಕ್ಕಿಂತ ಉದ್ದ ತೋರಿಸಲಿ, ಗಡಿಯಾರವಿಲ್ಲದ ಗೋಡೆಯನ್ನು ಆಗಾಗ ತೋರಿಸಲಿ, ಸೂಪರಿಂಟೆಂಡೆಂಟ್‌ನ ಕೋಣೆಗೆ ಕ್ಯಾಮೆರಾ ಪದೇ ಪದೇ ಮರಳಲಿ. ಮತ್ತು ಆ ಗಾರ್ಡ್ ಕೊನೆಯವರೆಗೂ ಗಡುಸಾಗಲಿಲ್ಲ ಎಂಬುದನ್ನು ದಯವಿಟ್ಟು ಬಿಡದಿರಲಿ.